ಪಾಪ್ ಪಂಕ್: ಮೊದಲು ಬಜ್‌ಕಾಕ್ಸ್ ಕೇಳಬೇಕೇ, ಗ್ರೀನ್ ಡೇ ಕೇಳಬೇಕೇ?

ಪಂಕ್ ರಾಕ್‌ನ ಒರಟು ವೇಗಕ್ಕೆ ಪಾಪ್‌ನ ಇಂಪಾದ ರಾಗ ಬೆರೆತರೆ ಪಾಪ್ ಪಂಕ್. ಅದರ ಬೇರು ನೋಡಬೇಕೆಂದರೆ ಮ್ಯಾಂಚೆಸ್ಟರ್‌ನ ಬಜ್‌ಕಾಕ್ಸ್ ತಂಡದ ‘ಸಿಂಗಲ್ಸ್ ಗೋಯಿಂಗ್ ಸ್ಟೆಡಿ’ (1979) ಆಲ್ಬಮ್ ಹಾಕಿ. ಎಂಟು ಸಿಂಗಲ್‌ಗಳ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡ್) ಎರಡೂ ಬದಿ ಸೇರಿ 16 ಹಾಡು. ಗಿಟಾರಿನಲ್ಲಿ ಪಂಕ್‌ನ ಅದೇ ಒರಟು ವೇಗ. ಆದರೆ ಗಾಯಕ ಪೀಟ್ ಶೆಲ್ಲಿಯವರ ಕೊರಳಲ್ಲಿರುವುದು ಕೈಗೂಡದ ಪ್ರೀತಿಯ ತಳಮಳ. ಪ್ರೀತಿಸಿದ್ದು ಗಂಡನ್ನೋ ಹೆಣ್ಣನ್ನೋ ಎಂದು ಅವರು ಬಹುತೇಕ ಹೇಳುವುದೇ ಇಲ್ಲ. ಹಾಗಾಗಿ ಯಾರು ಬೇಕಾದರೂ ತಮ್ಮದೆಂದು ಹಾಡಿಕೊಳ್ಳಬಹುದು.

ಕ್ಯಾಲಿಫೋರ್ನಿಯಾದ ಗ್ರೀನ್ ಡೇ ತಂಡ 1994ರಲ್ಲಿ ತಂದ ‘ಡೂಕಿ’ ಆಲ್ಬಮ್‌ನ ಧ್ವನಿಮುದ್ರಣ ಇನ್ನೂ ನಯ, ಇನ್ನೂ ಭರ್ಜರಿ. ‘ಲಾಂಗ್‌ವ್ಯೂ’ ಹಾಡಿನ ಚರಣದಲ್ಲಿ ಡ್ರಮ್ ಜೊತೆ ಬೇಸ್ ಗಿಟಾರ್ ಮಾತ್ರ ಅಲೆಯುತ್ತದೆ. ಪಲ್ಲವಿ ಬಂದಾಗ ಗಿಟಾರ್ ಸಿಡಿಯುತ್ತದೆ.

ಪಾಪ್ ಪಂಕ್‌ನದೇ ಇನ್ನೊಂದು ತಂಡ ಬ್ಲಿಂಕ್-182 ಇಷ್ಟಪಟ್ಟವರಿಗೆ ‘ಡೂಕಿ’ ಬೇಗ ಒಗ್ಗುತ್ತದೆ. ಸಾಹಿತ್ಯಕ್ಕೆ ಕಿವಿಗೊಡುವವರಿಗೆ ಬಜ್‌ಕಾಕ್ಸ್. ಈ ವಿಷಯದಲ್ಲಿ ನನ್ನದು ಎರಡು ಮಾತಿಲ್ಲ.