ಒಂದೇ ಟ್ರೇಯ ಸಸಿ, ನಾಲ್ಕು ಮನೆ: ಮಣ್ಣಿನ ಕುಂಡ, ಪ್ಲಾಸ್ಟಿಕ್, ಬಟ್ಟೆ ಚೀಲ, ನೆಲ

ಎರಡು ವರ್ಷದ ಹಿಂದೆ ಬಿತ್ತಿದ ಟೊಮೆಟೊ ಬೀಜ ಹೆಚ್ಚುಕಡಿಮೆ ಎಲ್ಲವೂ ಮೊಳೆತವು. ಒಂದೇ ಟ್ರೇಯಲ್ಲಿ 12 ಒಳ್ಳೆಯ ಸಸಿ. ಇಷ್ಟು ಸಸಿ ಕೈಯಲ್ಲಿರುವಾಗ ಬಹಳ ದಿನದ ಪ್ರಶ್ನೆಗೆ ಉತ್ತರ ಹುಡುಕೋಣ ಎನಿಸಿತು. ಗಿಡಕ್ಕೆ ಯಾವ ಮನೆ ಒಳ್ಳೆಯದು?

ಮೂರು ಸಸಿ ಮಣ್ಣಿನ ಕುಂಡಕ್ಕೆ, ಮೂರು ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ, ಮೂರು ಬಟ್ಟೆಯ ಗ್ರೋ ಬ್ಯಾಗಿಗೆ, ಉಳಿದ ಮೂರು ಮನೆ ಪಕ್ಕದ ಪಾತಿಗೆ ಹೋದವು. ಕುಂಡ, ಚೀಲ ಎಲ್ಲವೂ ಸುಮಾರು 20 ಲೀಟರಿನವು. ಒಂದೊಂದರಲ್ಲಿ ಒಂದೇ ಗಿಡ. ಮಣ್ಣು, ಎರೆಗೊಬ್ಬರ ಒಂದೇ ಅಳತೆ. ಆಮೇಲೆ ಪುದೀನ, ಕೊತ್ತಂಬರಿ, ಚೆಂಡು ಹೂವನ್ನೂ ಇದೇ ನಾಲ್ಕು ಕಡೆ ಬೆಳೆದು ನೋಡಿದೆ. ಎಷ್ಟು ಹಣ್ಣು ಬಂತು ಅನ್ನೋದು ಮುಖ್ಯವೇ. ಆದರೆ ಬೆಳಗ್ಗೆ ಎದ್ದು ಹೊರಗೆ ಬಂದಾಗ ಯಾವುದರ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತೇನೆ ಅನ್ನೋದನ್ನೂ ಗಮನಿಸಿದೆ. ನನ್ನ ಲೆಕ್ಕದಲ್ಲಿ ಅದೂ ಫಸಲೇ.

ಬೇಸಿಗೆಯಿಂದ ಶುರು ಮಾಡುತ್ತೇನೆ, ನಿಜವಾದ ಪರೀಕ್ಷೆ ನಡೆದದ್ದು ಆಗಲೇ.

ಮಣ್ಣಿನ ಕುಂಡದ ಗೋಡೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಒಳಗಿನ ನೀರು ಅದರ ಮೂಲಕ ಹೊರಬಂದು ಆವಿಯಾಗುತ್ತದೆ. ಅದಕ್ಕೇ ಬೇರಿನ ಸುತ್ತ ತಂಪು. ಮಧ್ಯಾಹ್ನ ಕುಂಡಕ್ಕೆ ಅಂಗೈ ಒತ್ತಿದರೆ ತಣ್ಣಗೆ ತಾಗುತ್ತಿತ್ತು. ಅದೇ ಬಿಸಿಲಲ್ಲಿದ್ದ ಕಪ್ಪು ಪ್ಲಾಸ್ಟಿಕ್ ಮೇಲೆ ಕೈ ಇಡಲು ಆಗುತ್ತಿರಲಿಲ್ಲ. ಕೊನೆಗೆ ಆ ಕುಂಡಗಳಿಗೆ ಹಳೆಯ ಬಿಳಿ ಬಟ್ಟೆ ಸುತ್ತಿದೆ. ಆಮೇಲೆ ಗಿಡ ಸ್ವಲ್ಪ ಚೇತರಿಸಿಕೊಂಡಿತು.

ತಂಪು ಕೊಡುವ ಅದೇ ಗುಣಕ್ಕೆ ಮಣ್ಣಿನ ಕುಂಡ ಬೇಗ ಒಣಗುತ್ತದೆ. ಬಿಸಿಲು ಏರಿದ ದಿನಗಳಲ್ಲಿ ಎರಡು ಹೊತ್ತು ನೀರು ಬೇಕಾಯಿತು. ಬೇಕೋ ಬೇಡವೋ ಎಂದು ತಿಳಿಯಲು ಬೆರಳ ಗೆಣ್ಣಿನಿಂದ ಕುಂಡಕ್ಕೆ ತಟ್ಟಿ ನೋಡಿ. ಒಳಗೆ ತೇವ ಇದ್ದರೆ ದಪ್ಪ, ಮಂದ ಸದ್ದು. ಒಣಗಿದ್ದರೆ ಟಣ್ ಅನ್ನುತ್ತದೆ. ನೀರು ಹಾಕಿದ ಮೇಲೆ ತಿಳಿ ಇಟ್ಟಿಗೆ ಬಣ್ಣದ ಗೋಡೆ ಕೆಳಗಿನಿಂದ ನಿಧಾನಕ್ಕೆ ಕಡು ಬಣ್ಣಕ್ಕೆ ತಿರುಗುತ್ತದೆ, ಒಣ ಮಣ್ಣಿಗೆ ಮೊದಲ ಹನಿ ಬಿದ್ದಂಥ ವಾಸನೆ ಏಳುತ್ತದೆ. ಇದನ್ನು ನೋಡುವುದಕ್ಕೇ ಎಷ್ಟೋ ಬೆಳಗ್ಗೆ ಸುಮ್ನೆ ನಿಂತಿದ್ದೇನೆ. ಕೆಲವು ತಿಂಗಳಲ್ಲಿ ಹೊರಗೋಡೆಗೆ ಬಿಳಿ ಪುಡಿ ಕಟ್ಟಿತು. ಅದು ನೀರು, ಗೊಬ್ಬರದಲ್ಲಿನ ಉಪ್ಪಿನಂಶ. ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ.

ಬೇಸಿಗೆಯಲ್ಲಿ ಸೋತದ್ದು ಬಟ್ಟೆ ಚೀಲ. ನಾಲ್ಕೂ ಕಡೆಯಿಂದ ಗಾಳಿ ಆಡುವುದರಿಂದ ಮಣ್ಣಿನ ಕುಂಡಕ್ಕಿಂತ ಬೇಗ ಒಣಗಿತು. ಒಂದು ದಿನ ಒಣಗಿಸಿ ಮರುದಿನ ಸುರಿದು ಮುಳುಗಿಸಿದ್ದಕ್ಕೆ ಟೊಮೆಟೊ ಕಾಯಿಗಳ ತಳ ಕಪ್ಪಾಗಿ ಕೊಳೆಯಿತು. ಕಾಯಿಗೆ ಸುಣ್ಣದಂಶ ತಲುಪದಿದ್ದರೆ ಹೀಗಾಗುತ್ತದೆ. ಆದರೆ ಎಷ್ಟೋ ಸಲ ಸುಣ್ಣದಂಶ ಮಣ್ಣಿನಲ್ಲೇ ಇರುತ್ತದೆ, ನೀರು ಏರುಪೇರಾದರೆ ಗಿಡಕ್ಕೆ ಅದನ್ನು ಕಾಯಿಯವರೆಗೆ ಸಾಗಿಸಲು ಆಗುವುದಿಲ್ಲ. ನಾನು ಮೊಟ್ಟೆ ಸಿಪ್ಪೆಯ ಪುಡಿ ಹಾಕಿದೆ, ಏನೂ ಆಗಲಿಲ್ಲ. ದಿನವೂ ಒಂದೇ ಹೊತ್ತಿಗೆ ನೀರು ಕೊಟ್ಟು, ಮೇಲೆ ಒಣ ಎಲೆ ಹಾಸಿದ ಮೇಲೆ ಹೊಸ ಕಾಯಿಗಳು ಚೆನ್ನಾಗಿ ಬಂದವು.

ನೆಲದ ಗಿಡಗಳಿಗೆ ಇದ್ಯಾವ ರಗಳೆಯೂ ಇಲ್ಲ. ಎರಡು ಇಂಚು ಒಣ ಎಲೆಯ ಹೊದಿಕೆ ಇದ್ದರೆ ಮೂರು ದಿನಕ್ಕೊಮ್ಮೆ ನೀರು ಸಾಕಾಯಿತು. ಹಣ್ಣೂ ಅಲ್ಲೇ ಎಲ್ಲಕ್ಕಿಂತ ಹೆಚ್ಚು. ಆದರೆ ಹಗಲು 35 ಡಿಗ್ರಿ ದಾಟಿದ ವಾರಗಳಲ್ಲಿ ನಾಲ್ಕೂ ಕಡೆ ಹೂ ಉದುರಿತು. ಅಷ್ಟು ಬಿಸಿಯಲ್ಲಿ ಟೊಮೆಟೊದ ಪರಾಗ ಕೆಡುತ್ತದೆ, ಅದಕ್ಕೆ ಕುಂಡವನ್ನು ದೂರಿ ಪ್ರಯೋಜನವಿಲ್ಲ.

ಮಳೆ ಬಂದದ್ದೇ ಲೆಕ್ಕ ತಲೆಕೆಳಗಾಯಿತು. ಬೇಸಿಗೆಯಲ್ಲಿ ಸೋತ ಚೀಲ ಈಗ ಮುಂದೆ. ಎಷ್ಟು ಸುರಿದರೂ ನೀರು ಸೋಸಿ ಹೋಗುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ನೀರು ನಿಂತು ಕೆಳಗಿನ ಎಲೆಗಳು ಹಳದಿಯಾದವು. ತಳದಲ್ಲಿ ಜಲ್ಲಿಕಲ್ಲು ಹಾಕಿದರೆ ನೀರು ಬಸಿಯುತ್ತದೆ ಎಂದು ನಾನೂ ನಂಬಿದ್ದೆ. ಅದು ತಪ್ಪು. ನೀರು ಕಲ್ಲಿನ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಸಿಗುವ ಜಾಗ ಇನ್ನೂ ಕಡಿಮೆಯಾಗುತ್ತದೆ. ಕಲ್ಲು ತೆಗೆದು ತೂತು ದೊಡ್ಡದು ಮಾಡಿದೆ, ಕುಂಡವನ್ನು ಎರಡು ಇಟ್ಟಿಗೆ ಮೇಲೆ ಎತ್ತಿಟ್ಟೆ. ಸರಿಹೋಯಿತು.

ನೆಲದಲ್ಲಿ ಕಳೆ, ಬಸವನಹುಳು, ತಗ್ಗಿನಲ್ಲಿ ನಿಂತ ನೀರು. ಕೆಲಸ ಜಾಸ್ತಿಯೇ. ಆದರೂ ಮಳೆಗಾಲದಲ್ಲಿ ನನ್ನ ಕಾಲು ಹೋಗುವುದು ಪಾತಿಯ ಕಡೆಗೇ. ಹಿಂದಿನ ಸಲ ಉದುರಿದ ಚೆಂಡು ಹೂವಿನ ಬೀಜ ತಾವಾಗಿಯೇ ಎದ್ದಿರುತ್ತವೆ. ಎಲೆ ಹೊದಿಕೆ ಸರಿಸಿದರೆ ಎರೆಹುಳು ಮಿಂಚಿ ಒಳಗೆ ಜಾರುತ್ತದೆ. ಎಲ್ಲೋ ಬಿದ್ದು ಮರೆತ ಹಣ್ಣಿನಿಂದ ಟೊಮೆಟೊ ಸಸಿ ಗುಂಪಾಗಿ ಹುಟ್ಟಿರುತ್ತದೆ. ನಾವು ಬಿತ್ತದೆಯೇ ಬರುವ ಈ ಗಿಡಗಳ ಖುಷಿ ಕುಂಡದಲ್ಲಿ ಅಪರೂಪ.

ಚಳಿಗೆ ಕೊತ್ತಂಬರಿ. ಇಲ್ಲಿ ಗೆದ್ದದ್ದು ಪ್ಲಾಸ್ಟಿಕ್, ನಾನು ಎಣಿಸಿರಲೇ ಇಲ್ಲ. ಬಿಸಿಲು ಇಳಿದ ಮೇಲೆ ಅದು ಕಾಯುವುದಿಲ್ಲ, ತೇವ ಒಂದೇ ಹದದಲ್ಲಿ ಉಳಿಯುತ್ತದೆ. ಮೊಳಕೆಗೆ ಬೇಕಾದದ್ದೇ ಅದು. ನಾವು ಬೀಜ ಅನ್ನುವ ಗುಂಡು ಕಾಳು ನಿಜವಾಗಿ ಒಂದು ಕಾಯಿ, ಒಳಗೆ ಎರಡು ಬೀಜ. ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ ಬಿತ್ತಿದೆ. ಒಂಬತ್ತನೇ ದಿನ ಮಣ್ಣು ಅಲ್ಲಲ್ಲಿ ಕೂದಲೆಳೆಯಷ್ಟು ಬಿರಿದಿತ್ತು. ಬಿರುಕಿನಲ್ಲಿ ಬಾಗಿದ ಬಿಳಿ ಕತ್ತು. ಸಂಜೆಗೆ ಕತ್ತು ನೆಟ್ಟಗಾಗಿ ಎರಡು ಉದ್ದ ಎಲೆ, ಒಂದರ ತುದಿಗೆ ಇನ್ನೂ ಕಾಳಿನ ಸಿಪ್ಪೆ ಟೋಪಿಯ ಹಾಗೆ ಸಿಕ್ಕಿಕೊಂಡಿತ್ತು. ಕೊತ್ತಂಬರಿಯನ್ನು ಕಿತ್ತು ಬೇರೆಡೆ ನೆಡಬೇಡಿ. ತಾಯಿಬೇರು ಉದ್ದ, ಅದಕ್ಕೆ ಪೆಟ್ಟಾದರೆ ಗಿಡ ಸೊರಗುತ್ತದೆ, ಇಲ್ಲವೇ ಬೇಗ ಹೂಬಿಡುತ್ತದೆ.

ಟೊಮೆಟೊ ಮುಗಿದ ಮೇಲೆ ಒಂದೊಂದನ್ನೂ ಬೋರಲು ಹಾಕಿ ಬೇರು ನೋಡಿದೆ. ಪ್ಲಾಸ್ಟಿಕ್‌ನಲ್ಲಿ ಬೇರು ಗೋಡೆಗುಂಟ ಸುತ್ತಿ ಸುತ್ತಿ ಹಗ್ಗದ ಸಿಂಬಿಯಾಗಿತ್ತು. ಚೀಲದಲ್ಲಿ ಸುತ್ತಿರಲಿಲ್ಲ. ಬಟ್ಟೆಯ ಅಂಚಿಗೆ ಬಂದ ಬೇರಿನ ತುದಿ ಗಾಳಿಗೆ ಒಣಗಿ, ಹಿಂದಿನಿಂದ ಹೊಸ ಸಣ್ಣ ಬೇರುಗಳು ಕವಲೊಡೆದಿದ್ದವು. ಇಡೀ ಮಣ್ಣು ಬೇರಿನಿಂದ ತುಂಬಿತ್ತು. ಮಣ್ಣಿನ ಕುಂಡದಲ್ಲಿ ಬೇರು ಗೋಡೆಗೆ ಅಂಟಿಕೊಂಡಿತ್ತು, ಬಿಡಿಸುವಾಗ ಹರಿಯಿತು.

ಬಾಳಿಕೆ? ಪ್ಲಾಸ್ಟಿಕ್ ಎರಡನೇ ಬೇಸಿಗೆಗೆ ಅಂಚಿನಲ್ಲಿ ಪುಡಿಪುಡಿಯಾಯಿತು. ಒಂದು ಚೀಲದ ಹಿಡಿ ಎತ್ತುವಾಗ ಕಿತ್ತುಬಂತು. ಒಂದು ಮಣ್ಣಿನ ಕುಂಡ ಗಾಳಿಗೆ ಉರುಳಿ ಒಡೆಯಿತು.

ಜಾಗ ಇರುವವರಿಗೆ ಟೊಮೆಟೊ, ಮೆಣಸಿನ ಗಿಡಕ್ಕೆ ನೆಲವೇ ಸರಿ. ನೆಲ ಇಲ್ಲದವರು ಚೀಲ ಇಡಿ, ದಿನವೂ ನೀರು ಹಾಕಲು ಆಗುತ್ತದೆ ಅನ್ನೋದಾದರೆ ಮಾತ್ರ. ನಾಲ್ಕು ದಿನ ಊರಿಗೆ ಹೋಗುವವರಿಗೆ ತಿಳಿ ಬಣ್ಣದ ಪ್ಲಾಸ್ಟಿಕ್ ಒಳ್ಳೆಯದು, ಕಪ್ಪು ಬೇಡ. ಪುದೀನವನ್ನು ಮಾತ್ರ ಪಾತಿಗೆ ಬಿಡಬೇಡಿ, ಒಂದೇ ಮಳೆಗಾಲದಲ್ಲಿ ಪಕ್ಕದ ಗಿಡಗಳ ಜಾಗವೆಲ್ಲ ಅದರದ್ದೇ ಆಗುತ್ತದೆ. ನನ್ನದು ಬಾಗಿಲ ಹತ್ತಿರ, ಅರೆನೆರಳಲ್ಲಿ, ಮಣ್ಣಿನ ಕುಂಡದಲ್ಲಿದೆ. ಹೋಗುವಾಗ ಬರುವಾಗ ಕುಂಡಕ್ಕೆ ತಟ್ಟುತ್ತೇನೆ, ಒಂದೆರಡು ಎಲೆ ಕಿತ್ತು ಬೆರಳಲ್ಲಿ ಹೊಸಕುತ್ತೇನೆ. ಇವತ್ತು ಬೆಳಗ್ಗೆ ಸದ್ದು ಮಂದವಾಗಿತ್ತು, ನೀರು ಹಾಕಲಿಲ್ಲ.