‘ದಿ ಕಿಸ್ಸಿಂಗ್ ಬೂತ್’ ಹಾಕುವ ಮುನ್ನ

ಹೈಸ್ಕೂಲು, ಪಿಯುಸಿ ಓದುವ ಮಕ್ಕಳ ಜೊತೆ ಕೂತು ನೋಡಲು ಹಗುರವಾದದ್ದೇನಾದರೂ ಇರಲಿ ಎಂದು ನೆಟ್‌ಫ್ಲಿಕ್ಸ್‌ನಲ್ಲಿ ಈ 2018ರ ಚಿತ್ರ ಹಾಕುವವರು ಬಹಳ. ಒಂದು ನಿಮಿಷ ತಡೆಯಿರಿ. 105 ನಿಮಿಷದಲ್ಲಿ ನಗುವಿಗೇನೂ ಬರವಿಲ್ಲ, ತೊಂದರೆ ಇರುವುದೂ ಅಲ್ಲೇ: ನಗುತ್ತಾ ನಗುತ್ತಾ ಉಗುಳಬೇಕಾದ್ದನ್ನು ನುಂಗಿಬಿಡುತ್ತೇವೆ.

ಎಲ್ ಮತ್ತು ಲೀ ಒಂದೇ ದಿನ ಹುಟ್ಟಿದ ಗೆಳೆಯರು. ಗೆಳೆತನಕ್ಕೆಂದು ಅವರೇ ಮಾಡಿಕೊಂಡ ನಿಯಮಗಳಲ್ಲಿ ಒಂದು, ಒಬ್ಬರ ಮನೆಯವರನ್ನು ಇನ್ನೊಬ್ಬರು ಪ್ರೀತಿಸುವಂತಿಲ್ಲ. ಎಲ್‌ಗೆ ಮನಸ್ಸಾಗುವುದು ಲೀಯ ಅಣ್ಣ ನೋವಾನ ಮೇಲೆ.

ಶುರುವಿನಲ್ಲೇ ಬರುವ ಸ್ಕರ್ಟಿನ ಪ್ರಸಂಗ ಗಮನಿಸಿ. ಪ್ಯಾಂಟು ಹರಿದದ್ದರಿಂದ ಎಲ್ ಹಳೆಯ, ಗಿಡ್ಡವಾದ ಸ್ಕರ್ಟ್ ಹಾಕಿ ಶಾಲೆಗೆ ಬರುತ್ತಾಳೆ. ಒಬ್ಬ ಹುಡುಗ ಹಿಂದಿನಿಂದ ಕೈಹಾಕುತ್ತಾನೆ. ನೋವಾ ಅವನಿಗೆ ಬಾರಿಸುತ್ತಾನೆ, ಸರಿ. ಆದರೆ ಅಂಥ ಬಟ್ಟೆ ಹಾಕಿದರೆ ಇನ್ನೇನಾಗುತ್ತೆ ಎಂಬ ಧಾಟಿಯಲ್ಲಿ ತಪ್ಪನ್ನು ಅವಳ ತಲೆಗೇ ಕಟ್ಟುತ್ತಾನೆ. ಶಾಲೆಯ ಶಿಕ್ಷೆ ಅವಳಿಗೂ ಉಂಟು. ಕೈಹಾಕಿದವನು ಕ್ಷಮೆ ಕೇಳಿ ಡೇಟಿಗೆ ಕರೆದರೆ ಅವಳು ಒಪ್ಪಿಯೂಬಿಡುತ್ತಾಳೆ! ಅವನು ಬರುವುದಿಲ್ಲ. ಎಲ್‌ಳ ಹತ್ತಿರ ಸುಳಿಯಬೇಡಿ ಎಂದು ನೋವಾ ಹುಡುಗರನ್ನೆಲ್ಲ ಮೊದಲೇ ಹೆದರಿಸಿಟ್ಟಿರುತ್ತಾನೆ. ಚಿತ್ರ ಇದನ್ನು ಕಾಳಜಿಯೆಂದು ತೋರಿಸುತ್ತದೆ. ಮುಂದೆ ಅವನು ಕಾರಿಗೆ ಗುದ್ದಿ, ಒಳಗೆ ಹತ್ತಿಕೋ ಎಂದು ಅವಳ ಮೇಲೆ ಅರಚುವುದೂ ಪ್ರೇಮದ ಲೆಕ್ಕಕ್ಕೇ ಜಮೆ. (ಇಂಥ ಹೀರೊ ನಮ್ಮ ಸಿನಿಮಾಗಳಿಗೂ ಹೊಸಬನೇನಲ್ಲ ಬಿಡಿ.)

ಲೀಯ ಸಿಟ್ಟನ್ನೂ ಬಿಡಿಸಿ ನೋಡಬೇಕು. ನೋವಾನ ಜೊತೆಗಿನ ಪ್ರೇಮವನ್ನು ಎಲ್ ತನ್ನಿಂದ ಮುಚ್ಚಿಟ್ಟಳು ಎಂಬ ಅವನ ನೋವು ನ್ಯಾಯವೇ. ಆದರೆ ಅವಳು ಯಾರನ್ನು ಪ್ರೀತಿಸಬಹುದೆಂದು ತಮ್ಮನೊಂದು ಗೆರೆ, ಅಣ್ಣನೊಂದು ಗೆರೆ ಎಳೆಯುತ್ತಿದ್ದರೆ, ಕ್ಷಮೆ ಕೇಳುತ್ತಾ ಓಡಾಡುವವಳು ಮಾತ್ರ ಅವಳು.

ಮೂಲ ಕಾದಂಬರಿಯನ್ನು ವೇಲ್ಸ್‌ನ ಬೆತ್ ರೀಕಲ್ಸ್ ವಾಟ್‌ಪ್ಯಾಡ್‌ ಎಂಬ, ಯಾರು ಬೇಕಾದರೂ ಕಥೆ ಬರೆದು ಹಾಕಬಹುದಾದ ಜಾಲತಾಣದಲ್ಲಿ ಬರೆಯುವಾಗ ಆಕೆಗೆ 15 ವರ್ಷ. ಆ ವಯಸ್ಸಿನ ಹಗಲುಗನಸಿನಲ್ಲಿ ನೋವಾನಂಥವನು ಬರುವುದು ಸಹಜ. ಅದನ್ನು ತೆರೆಗೆ ತಂದ ವಿನ್ಸ್ ಮಾರ್ಸೆಲೋಗೆ ಆ ರಿಯಾಯಿತಿ ಇಲ್ಲ.

ಮೆಚ್ಚುವಂಥದ್ದು ಇಲ್ಲದಿಲ್ಲ. ಎಲ್ ಪಾತ್ರದ ಜೋಯಿ ಕಿಂಗ್‌ಗೆ ಹಾಸ್ಯದ ಟೈಮಿಂಗ್ ಕೈವಶ. ಪೇಚಿಗೆ ಸಿಕ್ಕಾಗಿನ ಅವಳ ಮುಖವೇ ಅರ್ಧ ಚಿತ್ರ. ಲೀ ಜೊತೆ ಡ್ಯಾನ್ಸ್ ಗೇಮಿನ ಮೇಲೆ ಕುಣಿಯುವಾಗಿನ ಸಲಿಗೆ ನೋವಾನ ಜೊತೆಗಿನ ಪ್ರೇಮದೃಶ್ಯಗಳಲ್ಲಿ ಕಾಣುವುದಿಲ್ಲ. ಎಂಬತ್ತರ ದಶಕದ ಹದಿಹರೆಯದ ಚಿತ್ರಗಳ ತಾರೆ ಮಾಲಿ ರಿಂಗ್‌ವಾಲ್ಡ್ ಇಲ್ಲಿ ಹುಡುಗರ ತಾಯಿ. ಕೊಟ್ಟ ಕೆಲಸ ಮಾತ್ರ ಕಡಿಮೆ.

ನೋಡಲೇಬೇಕೆಂದಿದ್ದರೆ ಸ್ಕರ್ಟಿನ ಪ್ರಸಂಗ ಮುಗಿದೊಡನೆ ನಿಲ್ಲಿಸಿ, ತಪ್ಪು ಯಾರದ್ದೆಂದು ಮಕ್ಕಳನ್ನೇ ಕೇಳಿ. ಆಟೋಪ್ಲೇ ಮೊದಲೇ ಆಫ್ ಮಾಡಿಡಿ. 2020 ಮತ್ತು 2021ರಲ್ಲಿ ಬಂದ ಇನ್ನೆರಡು ಭಾಗಗಳೂ ಸೇರಿದರೆ ಸುಮಾರು ಆರು ಗಂಟೆ ಹೋಗುತ್ತದೆ, ಎರಡನೆಯದಂತೂ ಎರಡು ಗಂಟೆ ದಾಟುತ್ತದೆ.