ಜಿಯೋಜೀಬ್ರಾ: ವೃತ್ತದ ಕೋನದ ಲೆಕ್ಕಕ್ಕೆ ಈ ಫ್ರೀ ಆ್ಯಪ್ ಹೆಂಗಿದೆ?

ಮನೇಲಿ ಒಂಬತ್ತನೇ ಕ್ಲಾಸೋ ಎಸ್ಸೆಸ್ಸೆಲ್ಸಿನೋ ಓದೋ ಮಕ್ಕಳಿದ್ರೆ ವೃತ್ತಗಳ ಪಾಠ ಶುರುವಾಗೋ ಹೊತ್ತಿಗೆ ರೇಖಾಗಣಿತದ ಚಿತ್ರ ಬಿಡಿಸಿ ಅಳೆಯೋ ಈ ಜಿಯೋಜೀಬ್ರಾ ಆ್ಯಪ್ ಹಾಕ್ಕೊಳ್ಳಿ, ಫ್ರೀ, ಒಂದ್ಸಲ ಇನ್‌ಸ್ಟಾಲ್ ಮಾಡಿದ್ರೆ ನೆಟ್ ಇಲ್ದೇನೂ ನಡಿಯುತ್ತೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನೋರು ಸಾಲ್ಜ್‌ಬರ್ಗ್ ಯೂನಿವರ್ಸಿಟೀಲಿ 2001ರ ಸುಮಾರಿಗೆ ಶುರು ಮಾಡಿದ್ದು. 2021ರಲ್ಲಿ ನಮ್ಮ ಬೆಂಗಳೂರಿನ ಬೈಜೂಸ್ ಕೊಂಡ್ಕೊಂಡಾಗ ಇನ್ಮೇಲೆ ಫೀಸ್ ಇಡ್ತಾರೇನೋ ಅಂದ್ಕೊಂಡೆ, ಹಾಗೇನೂ ಆಗ್ಲಿಲ್ಲ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಇದು ಫೋಟೋ ಹೊಡೆದ್ರೆ ಉತ್ತರ ಕಕ್ಕೋ ಟೈಪ್ ಅಲ್ಲ. ನನಗೆ ಇಷ್ಟ ಆಗಿದ್ದೇ ಅದು. ಈ ಲೆಕ್ಕ ನೋಡಿ: ಹೊರಗಿನ ಪಿ ಬಿಂದುವಿಂದ ವೃತ್ತಕ್ಕೆ ಪಿಎ, ಪಿಬಿ ಅಂತ ಎರಡು ಸ್ಪರ್ಶಕ, ಎಪಿಬಿ ಕೋನ 64 ಡಿಗ್ರಿ, ಅಧಿಕ ಕಂಸದ (ಎ, ಬಿ ನಡುವಿನ ವೃತ್ತದ ದೊಡ್ಡ ತುಂಡಿನ) ಮೇಲೆ ಸಿ ಅಂತ ಒಂದು ಬಿಂದು, ಎಸಿಬಿ ಎಷ್ಟು? ಮಕ್ಕಳು ಏನ್ ಮಾಡ್ತಾರೆ ಅಂದ್ರೆ ವೃತ್ತ ಹಾಕಿ ಹೊರಗಡೆ ಪಿ ಇಟ್ಟು ಸ್ಪರ್ಶಕ ಎಳ್ದು ಪಿ ನ ಆ ಕಡೆ ಈ ಕಡೆ ಎಳೀತಾ ಕೂರ್ತಾರೆ, 63.97 ಬರುತ್ತೆ, 64.02 ಬರುತ್ತೆ, ಸರಿಯಾಗಿ 64 ಮಾತ್ರ ಕೂರಲ್ಲ. ಕೂರ್ಬೇಕಂದ್ರೆ ಉಲ್ಟಾ ಹೋಗ್ಬೇಕು, ಕೇಂದ್ರದಲ್ಲಿ ಕೋನ ಎಷ್ಟಿರ್ಬೇಕು ಅಂತ ಮೊದ್ಲು ತಾವೇ ಯೋಚಿಸ್ಬೇಕು. ತ್ರಿಜ್ಯಕ್ಕೂ ಸ್ಪರ್ಶಕಕ್ಕೂ 90, ಎರಡೂ ಕಡೆ ಸೇರಿ 180, ಚತುರ್ಭುಜದ 360ರಲ್ಲಿ ಇನ್ನುಳಿದಿದ್ದು 180, ಅದ್ರಲ್ಲಿ 64 ಕಳೆದ್ರೆ ಎಒಬಿ (ಒ ಅಂದ್ರೆ ಕೇಂದ್ರ) 116. ಅಳತೆ ಕೊಟ್ಟು ಕೋನ ಹಾಕೋ ಟೂಲ್‌ನಲ್ಲಿ 116 ಕೊಟ್ಟು ಬಿ ತಗೊಂಡು, ಎ ಬಿ ಎರಡರಲ್ಲೂ ಸ್ಪರ್ಶಕ ಎಳೆದ್ರೆ ಪಿ ತಾನಾಗೇ ಸಿಗುತ್ತೆ, ಅಲ್ಲಿ ಕರೆಕ್ಟಾಗಿ 64. ಅಂದ್ರೆ ಚಿತ್ರ ಬಿಡಿಸೋಷ್ಟರಲ್ಲಿ ಮುಕ್ಕಾಲು ಲೆಕ್ಕ ಮುಗ್ದಿರುತ್ತೆ!

ಇನ್ನು ಸಿ ನ ಪರಿಧಿ ಮೇಲೆ ಬೆರಳಲ್ಲಿ ಓಡಿಸಿ. ಅಧಿಕ ಕಂಸದಲ್ಲಿ ಎಲ್ಲಿಗೆ ಹೋದ್ರೂ ಎಸಿಬಿ 58, 58, 58. ಬೋರ್ಡ್ ಮೇಲೆ ಪ್ರಮೇಯ ಬರೆಸಿದ್ರೆ ಬರದೇ ಇರೋ ನಂಬಿಕೆ ಇಲ್ಲಿ ಬರುತ್ತೆ. ಬಿ ದಾಟಿ ಲಘು ಕಂಸಕ್ಕೆ ಇಳಿದ ತಕ್ಷಣ 122ಕ್ಕೆ ಹಾರುತ್ತೆ, 58 ಮತ್ತೆ 122 ಕೂಡಿದ್ರೆ 180, ಚಕ್ರೀಯ ಚತುರ್ಭುಜದ (ನಾಲ್ಕೂ ಮೂಲೆ ವೃತ್ತದ ಮೇಲಿರೋದು) ಅಭಿಮುಖ ಕೋನ ಅಂದ್ರೆ ಇದೇನಾ ಅಂತ ಹುಡುಗ್ರೇ ಕೇಳ್ತಾರೆ. ಅಲ್ಲಿ 238 ಅಂತ ಬಂದ್ರೆ ಗಾಬರಿ ಆಗ್ಬೇಡಿ, ಅದು 360ರಲ್ಲಿ 122 ಕಳೆದು ಉಳಿಯೋ ಆಚೆ ಕಡೆ ಕೋನ ಅಳೀತಿದೆ, ಸೆಟ್ಟಿಂಗ್ಸಲ್ಲಿ 0ಯಿಂದ 180 ಅಂತ ಇಟ್ರೆ ಸರಿಹೋಗುತ್ತೆ. ಸಿ ನ ವೃತ್ತದ ಗೆರೆ ಮೇಲೇ ಒತ್ತಿ ಹಾಕ್ಬೇಕು, ಪಕ್ಕದಲ್ಲಿ ಹಾಕಿದ್ರೆ ಎಳೆದಾಗ ವೃತ್ತ ಬಿಟ್ಟು ಓಡುತ್ತೆ.

ಕಾರಣ ಮಾತ್ರ ಇದು ಹೇಳಲ್ಲ, 58 ಅಂತ ತೋರ್ಸುತ್ತೆ ಅಷ್ಟೇ, ಕೇಂದ್ರದ ಕೋನದ ಅರ್ಧ ಅಂತ ಬರೆಯೋದು ಮಕ್ಕಳ ಕೆಲ್ಸ, ಪರೀಕ್ಷೆಯಲ್ಲಿ ಮಾರ್ಕ್ಸ್ ಇರೋದೂ ಅಲ್ಲೇ. ಅದಕ್ಕೇ ನಮ್ಮನೇಲಿ ಮೊದ್ಲು ನೋಟ್‌ಬುಕ್ಕಲ್ಲಿ ಕಾರಣ ಸಮೇತ ಬರ್ದು ಆಮೇಲೆ ಕೋನ ಅಳೆಯೋದು ಅಂತ ರೂಲ್ ಮಾಡಿದೀವಿ.

ಚಿಕ್ಕ ಫೋನಲ್ಲಿ ಬಿಂದು ಮೇಲೆ ಬಿಂದು ಕೂತು ಬೆರಳಿಗೆ ಸಿಗಲ್ಲ, ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಇದ್ರೆ ಅದ್ರಲ್ಲೇ ಹಾಕಿ. ಬರೀ ರೇಖಾಗಣಿತಕ್ಕೆ ಜಿಯೋಜೀಬ್ರಾ ಜಿಯೋಮೆಟ್ರಿ ಅನ್ನೋ ಬೇರೆ ಆ್ಯಪ್ಪೇ ಇದೆ, ಅದು ಸಾಕು. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ.